ಶಾಲೆ ತೆರೆದರೆ ಅಪ್ಪ ಬರುತ್ತಾನೆ

ಮಳೆ ತರುವುದು ನಮ್ಮೂರಿನ ಶಾಲೆ ಎಂದು ನಾನು ನಾಲ್ಕನೆಯ ಕ್ಲಾಸಿನವರೆಗೂ ನಂಬಿದ್ದೆ. ನಂಬಿದ್ದೆ ಅನ್ನುವುದೂ ಸರಿಯಲ್ಲ. ನಂಬುವವರಿಗೆ ಮನಸ್ಸಿನ ಮೂಲೆಯಲ್ಲಿ ಚೂರು ಅನುಮಾನವಾದರೂ ಇರುತ್ತದೆ. ನನಗೆ ಅದೂ ಇರಲಿಲ್ಲ, ಕಣ್ಣಾರೆ ಕಂಡಿದ್ದೆನಲ್ಲ. ಅಷ್ಟು ಚಿಕ್ಕ ವಯಸ್ಸಿಗೆ ಅಷ್ಟು ದೊಡ್ಡ ಸತ್ಯ ಕಂಡುಹಿಡಿದವಳು ನಮ್ಮ ಕೇರಿಯಲ್ಲಿ ಇನ್ನೊಬ್ಬಳಿಲ್ಲ ಎಂಬ ಜಂಬವೂ ಇತ್ತು.

ನಮ್ಮದು ಅಂಕೋಲೆಯ ಕಡಲ ಬದಿಯ ಕೇರಿ. ಅಪ್ಪ ರತ್ನಾಗಿರಿ ಕಡೆಯ ಒಂದು ಟ್ರಾಲರಿನಲ್ಲಿ ಕೆಲಸಕ್ಕಿದ್ದ. ಮಳೆಗಾಲ ಬಂತೆಂದರೆ ಕಡಲಿಗೆ ಇಳಿಯುವುದು ಬಂದ್. ಬೋಟುಗಳನ್ನು ದಡಕ್ಕೆ ಎಳೆದು, ಮೇಲೆ ತೆಂಗಿನ ಮಡಲು ಹೊದೆಸಿ, ಗಂಡಸರೆಲ್ಲ ಮನೆಗೆ ಬರುತ್ತಿದ್ದರು. ನೂಲು ಹುಣ್ಣಿಮೆಯ ದಿನ ಕಡಲಿಗೆ ತೆಂಗಿನಕಾಯಿ ಬಿಟ್ಟಾದ ಮೇಲೆ ಮತ್ತೆ ಹೊರಡುತ್ತಿದ್ದರು. ಉಳಿದ ಅಷ್ಟೂ ತಿಂಗಳು ಅಪ್ಪ ಎಂದರೆ ನನಗೆ ಗೋಡೆಯ ಗೂಟಕ್ಕೆ ನೇತುಹಾಕಿದ ಒಂದು ಹಳೆಯ ಅಂಗಿ, ಅಷ್ಟೆ.

ಇದನ್ನು ದೊಡ್ಡವರು ನೋಡಿದರೆ ಮಳೆ ಬಂತು, ಬೋಟು ನಿಂತಿತು, ಗಂಡ ಬಂದ ಎನ್ನುತ್ತಾರೆ. ನಾನು ನೋಡಿದ್ದು ಬೇರೆ. ಮೊದಲು ಅಜ್ಜಿ ಅಟ್ಟದಿಂದ ಕೊಡೆ ಇಳಿಸುತ್ತಿದ್ದಳು. ನಮ್ಮಮ್ಮ, ಅಂದರೆ ಆಯಿ, ನನ್ನ ಯೂನಿಫಾರ್ಮಿನ ಮಡಿಕೆ ಬಿಚ್ಚಿ ಉದ್ದ ಮಾಡುತ್ತಿದ್ದಳು. ಆಮೇಲೆ ಶಾಲೆಯ ಗಂಟೆ ಹೊಡೆಯುತ್ತಿತ್ತು. ನಾವು ಒಂದೆರಡು ದಿನ ಹೋಗಿ ಕೂತ ಮೇಲೆ ಮಳೆ ಹೊಯ್ಯುತ್ತಿತ್ತು. ಅದಾದ ಮೇಲೆ ಒಂದು ಸಂಜೆ ಹೆಗಲಿಗೆ ಚೀಲ ಹಾಕಿಕೊಂಡ ಅಪ್ಪ ತೆಂಗಿನ ಮರಗಳ ನಡುವಿನ ಕಾಲುದಾರಿಯಲ್ಲಿ ಬರುತ್ತಿದ್ದ. ಒಂದನೇ ಕ್ಲಾಸಿನಲ್ಲೂ ಹೀಗೇ ಆಯಿತು, ಎರಡರಲ್ಲೂ ಹೀಗೇ ಆಯಿತು. ಇನ್ನೆಂತ ಸಾಕ್ಷಿ ಬೇಕು ಹೇಳಿ?

ಹಾಗಾಗಿ ಶಾಲೆ ಎಂದರೆ ನನಗೆ ಜೀವ. ಬೇರೆ ಮಕ್ಕಳನ್ನು ಎಳೆದುಕೊಂಡು ಹೋಗಬೇಕಾಗಿತ್ತು, ನಾನು ಬಾಗಿಲು ತೆಗೆಯುವ ಮುಂಚೆಯೇ ಮೆಟ್ಟಿಲ ಮೇಲೆ ಹಾಜರು. ಈ ಹುಡುಗಿಗೆ ವಿದ್ಯೆಯ ಮೇಲೆ ಎಷ್ಟು ಪ್ರೀತಿ ಎಂದು ಹೆಡ್ ಮಾಸ್ತರರು ಅಜ್ಜಿಯ ಹತ್ತಿರ ಹೊಗಳಿದ್ದರಂತೆ. ಅಜ್ಜಿ ವಾರಗಟ್ಟಲೆ ಕೇರಿಯಲ್ಲೆಲ್ಲ ಅದನ್ನೇ ಹೇಳಿಕೊಂಡು ತಿರುಗಿದಳು. ಪಾಪ, ಇಬ್ಬರಿಗೂ ವಿಷಯ ಗೊತ್ತಿರಲಿಲ್ಲ.

ಆದರೆ ಬರುವ ಅಪ್ಪ ಹೋಗುತ್ತಿದ್ದನಲ್ಲ, ತಲೆಬಿಸಿ ಇದ್ದದ್ದು ಅಲ್ಲಿ. ಹೋಗಲು ಏನು ಕಾರಣ ಎಂಬುದನ್ನು ಪತ್ತೆ ಮಾಡಿದರೆ ಅದನ್ನು ತಡೆಯಬಹುದಿತ್ತು. ಮೊದಲ ಅನುಮಾನ ತೆಂಗಿನಕಾಯಿಯ ಮೇಲೆ ಬಿತ್ತು. ಎರಡನೇ ಕ್ಲಾಸಿನಲ್ಲಿದ್ದಾಗ ನೂಲು ಹುಣ್ಣಿಮೆಯ ಬೆಳಿಗ್ಗೆ, ಅಜ್ಜಿ ಅರಿಶಿನ ಕುಂಕುಮ ಹಚ್ಚಿ ಇಟ್ಟಿದ್ದ ಕಾಯನ್ನು ಎತ್ತಿ ಅಕ್ಕಿ ಡಬ್ಬಿಯಲ್ಲಿ ಹುಗಿದಿಟ್ಟೆ. ಮನೆಯಲ್ಲಿ ಸ್ವಲ್ಪ ಹೊತ್ತು ಗಲಾಟೆಯಾಯಿತು. ಆಮೇಲೆ ಅಪ್ಪ ನಕ್ಕು, ಹಿತ್ತಲಲ್ಲಿ ಬಿದ್ದಿದ್ದ ಇನ್ನೊಂದು ಕಾಯಿ ಸುಲಿದುಕೊಂಡು ಹೋಗಿ ಕಡಲಿಗೆ ಬಿಟ್ಟ. ನಮ್ಮ ಹಿತ್ತಲಲ್ಲಿ ಕಾಯಿಗೇನು ಬರವೇ. ನಾಲ್ಕು ದಿನದಲ್ಲಿ ಚೀಲ ಹೊತ್ತು ಹೊರಟೂಬಿಟ್ಟ. ಕಾಯನ್ನು ಮುಚ್ಚಿಟ್ಟರೂ ಹೋದ ಎಂದ ಮೇಲೆ ಅದು ಕಾರಣವಲ್ಲ ಎಂದು ತೀರ್ಮಾನಿಸಿದೆ.

ಹಾಗಾದರೆ ಇನ್ನೇನು? ಕೂತು ಯೋಚಿಸಿದಾಗ ಹೊಳೆಯಿತು. ಅಪ್ಪ ಹೋಗುವ ವಾರವೇ ಶಾಲೆಯಲ್ಲಿ ಕಿರುಪರೀಕ್ಷೆ ನಡೆಯುತ್ತಿತ್ತು. ಎರಡು ವರ್ಷವೂ ನಾನು ಪರೀಕ್ಷೆ ಬರೆದು ಮನೆಗೆ ಬಂದರೆ ಅಪ್ಪ ಚೀಲ ತುಂಬುತ್ತಿದ್ದ. ಶಾಲೆ ಅಪ್ಪನನ್ನು ತರುತ್ತದೆ, ಪರೀಕ್ಷೆ ಅಪ್ಪನನ್ನು ಕಳಿಸುತ್ತದೆ. ಇಷ್ಟು ಸಸಾರದ ವಿಷಯ ಇಷ್ಟು ದಿನ ಯಾಕೆ ತಿಳಿಯಲಿಲ್ಲವೋ ಎಂದು ನನ್ನ ದಡ್ಡತನಕ್ಕೆ ನಾನೇ ಬೈದುಕೊಂಡೆ.

ಡಿ.ಎಡ್. ಓದುವಾಗ, ಬಹಳ ವರ್ಷಗಳ ಮೇಲೆ, ಮಕ್ಕಳ ಮನಸ್ಸು ಹೇಗೆ ಬೆಳೆಯುತ್ತದೆ ಎಂಬ ಪಾಠದಲ್ಲಿ ಇದು ಸಿಕ್ಕಿತು. ಒಂದರ ಹಿಂದೆ ಒಂದು ನಡೆದರೆ ಮೊದಲಿನದೇ ಎರಡನೆಯದಕ್ಕೆ ಕಾರಣ ಎಂದು ಮಗು ತಿಳಿಯುತ್ತದೆ, ತನ್ನಿಂದಲೇ ಲೋಕ ನಡೆಯುತ್ತದೆ ಎಂದುಕೊಳ್ಳುತ್ತದೆ ಎಂಬ ಅರ್ಥದ ಮಾತುಗಳು. ಓದಿ ಮುಖ ಬಿಸಿಯಾಯಿತು. ಪಕ್ಕದಲ್ಲಿ ನನ್ನ ಫೋಟೋ ಒಂದು ಹಾಕಿರಲಿಲ್ಲ, ಅಷ್ಟೆ.

ಮೂರನೇ ಕ್ಲಾಸಿಗೆ ಹೊಸ ಅಕ್ಕೋರು ಬಂದರು. ನಮ್ಮಲ್ಲಿ ಪಾಠ ಹೇಳುವ ಹೆಂಗಸರಿಗೆಲ್ಲ ಅಕ್ಕೋರೇ. ಇವರ ಊರು ಕಾರವಾರದ ಹತ್ತಿರದ ಕಿನ್ನರ. ಮನೆಯಲ್ಲಿ ಕೊಂಕಣಿ ಮಾತಾಡುವವರು, ಸಿಟ್ಟು ಬಂದರೆ ಕ್ಲಾಸಿನಲ್ಲೂ ಕೊಂಕಣಿಯೇ ಬರುತ್ತಿತ್ತು. ವಾರವೆಲ್ಲ ಅಂಕೋಲೆ ಪೇಟೆಯ ಬಾಡಿಗೆಯ ಖೋಲಿಯಿಂದ ಬಸ್ಸಿನಲ್ಲಿ ಬಂದು ಹೋಗಿ, ಶನಿವಾರ ಮಧ್ಯಾಹ್ನ ಊರಿನ ಬಸ್ಸು ಹಿಡಿಯುತ್ತಿದ್ದರು. ಬಂದ ಮೊದಲ ವಾರವೇ ಮಳೆ ಯಾಕೆ ಬರುತ್ತದೆ ಎಂದು ಕೇಳಿದರು. ಒಬ್ಬ ಮೋಡದಿಂದ ಎಂದ. ಇನ್ನೊಬ್ಬಳು ಕಪ್ಪೆ ಕೂಗುವುದರಿಂದ ಎಂದಳು. ಅವರ ಅಜ್ಞಾನಕ್ಕೆ ಮರುಗಿ ನಾನು ಎದ್ದು ನಿಂತು, "ಶಾಲೆ ಸುರುವಾಗ್ತದಲ್ಲ ಅಕ್ಕೋರೇ, ಅದ್ಕೆ" ಎಂದೆ.

ಇಡೀ ಕ್ಲಾಸು ನಕ್ಕಿತು. ಅಕ್ಕೋರು ನಗಲಿಲ್ಲ. ಬೆತ್ತ ಮೇಜಿನ ಮೇಲಿಟ್ಟು ನನ್ನ ಹತ್ತಿರ ಬಂದರು.

"ಹೌದಾ ತಂಗಿ? ಹಾಗಾದ್ರೆ ಹಿಲ್ಲೂರಿನ ಕಾಡಲ್ಲಿ ಮಳೆ ಯಾಕೆ ಬರ್ತದೆ?"

"ಹಿಲ್ಲೂರಲ್ಲೂ ಶಾಲೆ ಉಂಟು. ನಮ್ಮ ಆಯಿ ಮೀನು ಹೊತ್ಕಂಡು ಹೋದಾಗ ನೋಡಿಕಂಡು ಬಂದಿದ್ಲು."

"ಮತ್ತೆ ಕಡಲ ಮೇಲೆ? ಅಲ್ಲಿ ಶಾಲೆ ಎಲ್ಲುಂಟು?"

ಕಡಲು ಶಾಲೆಗೆ ಹತ್ತಿರವೇ ಇದೆಯಲ್ಲ ಎಂದೆ. ಅಕ್ಕೋರು ಮೇಜಿನ ಕಡೆ ತಿರುಗಿದರು. ಬೈಯಲಿಲ್ಲ, ತಿದ್ದಲೂ ಇಲ್ಲ. ನನ್ನ ಉತ್ತರ ಸರಿ ಎಂದೇ ನಾನು ಕೂತೆ.

ಆ ವರ್ಷದ ಕಿರುಪರೀಕ್ಷೆಗೆ ನಾನು ತಯಾರಾಗಿದ್ದೆ. ಎಂದರೆ, ಬರೆಯದೇ ಇರಲು. ಹಾಳೆ ಕೊಟ್ಟರು. ಮೇಲೆ ಹೆಸರು, ಕ್ಲಾಸು ಬರೆದು ಪೆನ್ಸಿಲು ಕೆಳಗಿಟ್ಟೆ. ಕನ್ನಡ, ಪರಿಸರ, ಗಣಿತ ಎಲ್ಲಕ್ಕೂ ಅಷ್ಟೇ. ಉತ್ತರಗಳೆಲ್ಲ ಗೊತ್ತಿದ್ದವು, ಬರೆಯಲು ಕೈ ತುರಿಸುತ್ತಿತ್ತು, ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ಪಕ್ಕದ ಹುಡುಗಿ ತಪ್ಪು ಬರೆಯುವುದನ್ನು ನೋಡಿಕೊಂಡು ಸುಮ್ಮನಿರುವುದು ಇನ್ನೂ ಕಷ್ಟದ ಕೆಲಸ.

ಅಷ್ಟೆಲ್ಲ ಮಾಡಿದರೂ ಅಪ್ಪ ಹೋದ. ಹೋಗುವ ದಿನ ನನ್ನನ್ನು ಎತ್ತಿಕೊಂಡು, "ಮುಂದಿನ ಮಳೆಗೆ ಬತ್ತೆ ಮಗಾ" ಎಂದ. ನಾನು ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ನನ್ನ ಲೆಕ್ಕಾಚಾರ ಎಲ್ಲಿ ತಪ್ಪಿತು ಎಂದು ತಲೆ ಕೆಡಿಸಿಕೊಂಡೆ. ಬುದ್ಧಿ ಇದ್ದವರಾದರೆ ಇಷ್ಟಕ್ಕೆ ಬಿಟ್ಟುಬಿಡುತ್ತಿದ್ದರು. ನಾನು ಬಿಡಲಿಲ್ಲ. ಮೂರನೇ ದಿನ ಗೊತ್ತಾಯಿತು. ಹೆಸರು ಬರೆದಿದ್ದೆನಲ್ಲ! ಹೆಸರು ಬರೆದರೂ ಬರೆದ ಹಾಗೇ. ಮುಂದಿನ ವರ್ಷ ಅದನ್ನೂ ಬರೆಯಬಾರದು.

ಹೆಡ್ ಮಾಸ್ತರರು ಖಾಲಿ ಹಾಳೆಗಳನ್ನು ಹಿಡಿದು ಕ್ಲಾಸಿಗೆ ಬಂದರು. ವಿದ್ಯೆಯ ಮೇಲೆ ಅಷ್ಟು ಪ್ರೀತಿ ಇದ್ದ ಹುಡುಗಿಯನ್ನು ಬಾಗಿಲ ಬದಿಯ ಸಾಲಿನಲ್ಲಿ ಕೂರಿಸಿದರು. ಅದು ಓದು ಹತ್ತದ ಮಕ್ಕಳ ಸಾಲು, ಎಲ್ಲರಿಗೂ ಗೊತ್ತು. ಅಲ್ಲಿ ಕೂತರೆ ಗಾಳಿ ಚೆನ್ನಾಗಿ ಬರುತ್ತಿತ್ತು ಎಂಬುದು ಬಿಟ್ಟರೆ ಬೇರೆ ಸುಖ ಇರಲಿಲ್ಲ. ಆಯಿಯನ್ನು ಕರೆಸಿದರು. ಆಯಿ ಮೀನಿನ ಬುಟ್ಟಿಯನ್ನು ಗೇಟಿನ ಹೊರಗೆ ಇಳಿಸಿ, ಸೆರಗಿನಿಂದ ಕೈ ಒರೆಸಿಕೊಂಡು ಒಳಗೆ ಬಂದು, "ಮನೇಲಿ ಎಲ್ಲ ಹೇಳ್ತದೆ ಸರ್, ಇಲ್ಲಿ ಎಂತಕೆ ಬರೂದಿಲ್ಲ ಹೇಳಿ ನಂಗೂ ಗೊತ್ತಾಗೂದಿಲ್ಲ" ಎಂದಳು. ಅವಳ ದನಿ ಸಣ್ಣದಾಗಿತ್ತು. ಬೀದಿಯಲ್ಲಿ ಮೀನು ಕೂಗುವಾಗ ಮೂರು ಮನೆಯ ಆಚೆ ಕೇಳುವ ದನಿ ಅದು.

ಆ ಸಂಜೆ ಅಕ್ಕೋರು ನನ್ನನ್ನು ಬಸ್ ಸ್ಟಾಪಿನವರೆಗೆ ಜೊತೆಗೆ ಕರೆದುಕೊಂಡು ಹೋದರು. ದಾರಿಯಲ್ಲಿ ಮಗ್ಗಿ ಕೇಳಿದರು. ಹೇಳಿದೆ. ಕೂಡುವ ಲೆಕ್ಕ, ಕಳೆಯುವ ಲೆಕ್ಕ ಬಾಯಲ್ಲೇ ಕೇಳಿದರು. ಎಲ್ಲವನ್ನೂ ಹೇಳಿದೆ. ಬಾಯಲ್ಲಿ ಹೇಳಿದರೆ ಅದು ಪರೀಕ್ಷೆ ಅಲ್ಲ ಎಂದು ನಾನು ಮೊದಲೇ ತೀರ್ಮಾನಿಸಿದ್ದೆ.

"ಮತ್ತೆ ಹಾಳೆಯಲ್ಲಿ ಯಾಕೆ ಬರೆಯುವುದಿಲ್ಲ?" ಎಂದರು.

ಯಾರಿಗೂ ಹೇಳದೇ ಇಟ್ಟುಕೊಂಡಿದ್ದನ್ನು ಹೇಳಿದೆ. ಬಸ್ಸು ಬಂತು, ಅವರು ಹತ್ತಲಿಲ್ಲ. ಬಂದರಿನ ಆಫೀಸಿನಲ್ಲಿ ಕೆಲಸ ಮಾಡುವವರ ಮಗ ಪರೀಕ್ಷೆ ಬರೆದನಲ್ಲ, ಅವನ ಅಪ್ಪ ಎಲ್ಲಿಗೂ ಹೋಗಲಿಲ್ಲವಲ್ಲ ಎಂದು ಕೇಳಿದರು. ಅವರಿಗೆ ಈಜು ಬರುವುದಿಲ್ಲ, ಎಲ್ಲಿಗೆ ಹೋಗುತ್ತಾರೆ ಎಂದೆ. ಅಗಸೂರಿನಲ್ಲಿ ಗದ್ದೆ ಮಾಡುವವರ ಮಕ್ಕಳೂ ಬರೆಯುತ್ತಾರಲ್ಲ ಎಂದರು. ಅವರ ಅಪ್ಪಂದಿರು ಗದ್ದೆಗೆ ಹೋಗುತ್ತಾರಲ್ಲ ಎಂದೆ. ಏನು ಕೇಳಿದರೂ ನನ್ನ ಹತ್ತಿರ ಉತ್ತರ ತಯಾರಿತ್ತು. ಈಗ ನಾನೂ ಅಕ್ಕೋರಾಗಿ ನಿಂತು ಇಂಥ ಮಕ್ಕಳ ಎದುರು ಸೋಲುವಾಗ ಆ ಸಂಜೆಯ ಅವರ ಮುಖ ನೆನಪಾಗುತ್ತದೆ. ಆ ದಿನ ಮಾತ್ರ ಗೆದ್ದ ಖುಷಿಯಲ್ಲಿದ್ದೆ.

ಮರುದಿನ ಅವರು ಹೆಡ್ ಮಾಸ್ತರರಿಗೆ, "ಇವಳಿಗೆ ತಲೆ ಇಲ್ಲ ಅಂತಲ್ಲ ಸರ್. ತಲೆ ಓಡ್ತದೆ, ದಾರಿ ಬೇರೆ" ಎಂದದ್ದು ನನಗೆ ಕೇಳಿಸಿತು. ಹೆಡ್ ಮಾಸ್ತರರು, ದಾರಿ ಬೇರೆಯಾದರೂ ಹಾಳೆ ಖಾಲಿಯೇ ತಾನೇ ಎಂದರು. ಬಾಗಿಲ ಬದಿಯ ಸಾಲು ನನಗೆ ಕಾಯಂ ಆಯಿತು. ಅಕ್ಕೋರು ಮಾತ್ರ ದಿನಾ ಸಂಜೆ ಬಸ್ ಸ್ಟಾಪಿನ ದಾರಿಯಲ್ಲಿ ಬಾಯಲ್ಲೇ ಎಲ್ಲ ಕೇಳುತ್ತಿದ್ದರು. ನಾನು ಕಲಿತದ್ದೆಲ್ಲ ನಡೆಯುತ್ತಲೇ.

ನಾಲ್ಕನೇ ಕ್ಲಾಸಿನ ವರ್ಷ ಎಲ್ಲ ಅಡ್ಡಾದಿಡ್ಡಿಯಾಯಿತು. ಅಪ್ಪ ಬೇಸಿಗೆಯ ರಜೆಯಲ್ಲೇ ಬಂದುಬಿಟ್ಟ. ಬಲೆ ಎಳೆಯುವಾಗ ವಿಂಚು ಯಂತ್ರದ ಹಗ್ಗಕ್ಕೆ ಬಲಗೈ ಸಿಕ್ಕಿ ಬೆರಳು ಜಜ್ಜಿಹೋಗಿತ್ತು. ಕೈಗೆ ದಪ್ಪ ಪಟ್ಟಿ ಕಟ್ಟಿತ್ತು. ಆಯಿ ಅವನನ್ನು ನೋಡಿ ಅಲ್ಲೇ ಜಗಲಿಯ ಮೇಲೆ ಕೂತಳು. ನನಗೆ ಅಪ್ಪ ಬಂದದ್ದಕ್ಕಿಂತ, ಶಾಲೆ ತೆರೆಯದೇ ಅಪ್ಪ ಹೇಗೆ ಬಂದ ಎಂಬುದೇ ದೊಡ್ಡ ಚಿಂತೆಯಾಯಿತು ಎಂದರೆ ನೀವು ನನ್ನ ಬಗ್ಗೆ ಏನು ತಿಳಿಯುತ್ತೀರೋ. ಅದಕ್ಕೂ ಕಾರಣ ಸಿಕ್ಕಿತು. ಓಟು ಹಾಕಲೆಂದು ರಜೆಯಲ್ಲಿ ಶಾಲೆಯ ಬಾಗಿಲು ತೆಗೆದಿದ್ದರು. ಬಾಗಿಲು ತೆಗೆದರೆ ಸಾಕು, ಅಪ್ಪ ಬರುತ್ತಾನೆ.

ಮಳೆಗಾಲ ಬಂತು. ಬೇರೆ ವರ್ಷ ಮಳೆಯಲ್ಲಿ ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ನೀರು ದಾಟಿಸಿ ಶಾಲೆಗೆ ಬಿಡುತ್ತಿದ್ದ. ಗಂಜಿ, ಒಣ ಸಿಗಡಿ ಚಟ್ನಿ ತಿನ್ನುತ್ತ, ಬೋಟಿನಷ್ಟು ಉದ್ದದ ಮೀನು ಬಲೆಗೆ ಬಿದ್ದ ಕತೆ ಹೇಳುತ್ತಿದ್ದ. ಮೀನು ವರ್ಷ ವರ್ಷಕ್ಕೂ ಉದ್ದವಾಗುತ್ತಿತ್ತು. ಈ ವರ್ಷ ಕತೆ ಇಲ್ಲ. ಪಟ್ಟಿ ಬಿಚ್ಚಿದ ಮೇಲೂ ಕೈಯನ್ನು ಲುಂಗಿಯ ಮಡಿಕೆಯಲ್ಲಿ ಇಟ್ಟುಕೊಂಡೇ ಕೂರುತ್ತಿದ್ದ.

ಕಿರುಪರೀಕ್ಷೆ ಬಂತು. ಹೆಸರನ್ನೂ ಬರೆಯಲಿಲ್ಲ. ನೂಲು ಹುಣ್ಣಿಮೆ ಕಳೆಯಿತು, ಕೇರಿಯ ಗಂಡಸರೆಲ್ಲ ಹೊರಟರು. ನನ್ನ ಅಪ್ಪ ಹೋಗಲಿಲ್ಲ.

ಆ ವಾರ ನನ್ನ ನಡಿಗೆಯೇ ಬೇರೆಯಾಗಿತ್ತು. ಬಾಗಿಲ ಬದಿಯ ಸಾಲಿನಲ್ಲಿ ಮಹಾರಾಣಿಯ ಗತ್ತಿನಲ್ಲಿ ಕೂತಿರುತ್ತಿದ್ದೆ. ಪರೀಕ್ಷೆ ಬರೆದು ಅಪ್ಪಂದಿರನ್ನು ಕಳಿಸಿಕೊಂಡ ಜಾಣ ಮಕ್ಕಳನ್ನು ನೋಡಿ ಅಯ್ಯೋ ಪಾಪ ಅನಿಸುತ್ತಿತ್ತು. ಅಕ್ಕೋರು ದಾರಿಯಲ್ಲಿ, "ಅಪ್ಪನ ಕೈ ಹೇಗುಂಟು?" ಎಂದು ಕೇಳಿದರೆ, ಕೈಗೂ ಇದಕ್ಕೂ ಏನು ಸಂಬಂಧ ಎಂಬಂತೆ ನೋಡಿದೆ.

ಗೆದ್ದ ಖುಷಿ ಹೆಚ್ಚು ದಿನ ಉಳಿಯಲಿಲ್ಲ. ಗಂಡಸರಿಲ್ಲದ ಕೇರಿಯಲ್ಲಿ ಅಪ್ಪ ಒಬ್ಬನೇ ಗಂಡಸು. ನೀರಿಗೆ ಹೋಗುವ ಹೆಂಗಸರು ಬೇಲಿಯ ಆಚೆಯಿಂದ, "ಇನ್ನೂ ಹೋಗ್ಲಿಲ್ಲವನೆ?" ಎಂದು ಆಯಿಯನ್ನು ಕೇಳುತ್ತಿದ್ದರು. ಕೆಟ್ಟ ಮನಸ್ಸಿನಿಂದ ಕೇಳುತ್ತಿರಲಿಲ್ಲ. ಆದರೂ ಅಪ್ಪ ಜಗಲಿ ಬಿಟ್ಟು ಹಿತ್ತಲಿಗೆ ಹೋಗಿ, ಕಡಲಿಗೆ ಬೆನ್ನು ಹಾಕಿ ಕೂರಲು ಸುರುಮಾಡಿದ. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಒಂದು ದಿನ ತಟ್ಟೆ ದೂಡಿದ. ಅಪ್ಪ ತಟ್ಟೆ ದೂಡಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ನನ್ನನ್ನು ಶಾಲೆಗೆ ಬಿಡಲು ಬರುವುದನ್ನೂ ನಿಲ್ಲಿಸಿದ, ದಾರಿಯಲ್ಲಿ ಜನ ಸಿಗುತ್ತಾರೆಂದು. ಆಯಿ ಬೆಳಗಿನ ಬಸ್ಸಿಗೆ ಬುಟ್ಟಿ ಏರಿಸಿ ಅಗಸೂರು, ಹಿಲ್ಲೂರಿನವರೆಗೂ ಹೋಗಿ ಮಾರಿ ಬರುತ್ತಿದ್ದಳು. ಬಂದವಳು ಅಪ್ಪನ ಮುಖ ನೋಡದೇ ಕಾಲು ತೊಳೆದು ಒಳಗೆ ಹೋಗುತ್ತಿದ್ದಳು.

ಗೂಟದ ಮೇಲಿನ ಅಂಗಿಯಾಗಿದ್ದಾಗಲೇ ಅಪ್ಪ ಚೆನ್ನಾಗಿದ್ದ ಎಂದು ನನಗೆ ಅನಿಸತೊಡಗಿತು. ಹಾಗೆ ಅನಿಸಿದ್ದಕ್ಕೆ ಅಳುವೂ ಬಂತು.

ಒಂದು ಸಂಜೆ ಶಾಲೆಯಿಂದ ಬಂದವಳು ಹಿತ್ತಲಿಗೆ ಹೋದೆ. ಅಪ್ಪ ಹಳೆಯ ಬಲೆಯ ತುಂಡೊಂದನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ಗಂಟು ಹಾಕಲು ನೋಡುತ್ತಿದ್ದ. ಬಲೆ ಹೆಣೆಯುವ ಸೂಜಿ ಬೆರಳಿನಿಂದ ಜಾರಿ ಬೀಳುತ್ತಿತ್ತು. ಮತ್ತೆ ಎತ್ತಿಕೊಂಡ, ನೂಲನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಒಂದು ಗಂಟು ಹಾಕಿದ, ಗಂಟು ನಿಂತಿತು. ನಿಂತ ಗಂಟನ್ನು ನೋಡಿ ಸೂಜಿಯನ್ನು ಬೇಲಿಯ ಕಡೆ ಬಿಸಾಡಿದ. ಆಯಿ ಬಾಗಿಲಲ್ಲಿ ನಿಂತಿದ್ದಳು.

"ಕೈ ಆಡ್ತದಲ್ಲ. ಕಾರವಾರದ ಡಾಕ್ಟರೂ ಹೇಳಿರು. ಬೋಟಿನವ್ರು ದಸರೆವರೆಗೆ ಕಾಯ್ತ್ರು ಅಂದಿದ್ರಲ್ಲ" ಎಂದಳು.

"ಕೈ ಆಡ್ತದೆ. ಆ ಹಗ್ಗ ನೆನಸ್ಕಂಡ್ರೆ ಹೋಗೂಕೆ ಕಾಲು ಏಳೂದಿಲ್ಲ. ಎಂತೋ ಹಿಡ್ಕಂಡ ಹಾಗೆ ಆಗ್ತದೆ" ಎಂದ ಅಪ್ಪ, ಮುಖ ಆ ಕಡೆ ತಿರುಗಿಸಿದ. ಅವನು ಅಳುತ್ತಿದ್ದ.

ಅಪ್ಪನನ್ನು ಹಿಡಿದುಕೊಂಡದ್ದು ಯಾವುದು ಎಂದು ಆ ಮನೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ.

ಮರುದಿನ ಅಕ್ಕೋರು ಶಾಲೆಯ ಮೆಟ್ಟಿಲು ಹತ್ತುವ ಮುಂಚೆಯೇ ಅಡ್ಡ ನಿಂತೆ. "ಅಕ್ಕೋರೇ, ನಾನು ಪರೀಕ್ಷೆ ಬರೀತೆ" ಎಂದೆ. ಕಿರುಪರೀಕ್ಷೆ ಮುಗಿದು ಎಷ್ಟೋ ದಿನವಾಯಿತು, ಇನ್ನು ದಸರೆ ರಜೆಯ ಮುಂಚಿನ ಅರ್ಧವಾರ್ಷಿಕವೇ ಎಂದರು. ಅದನ್ನು ನಾಳೆಯೇ ಇಡಿ ಎಂದು ಹಟ ಹಿಡಿದೆ. ಪರೀಕ್ಷೆ ಬೇಗ ಇಡಿ ಎಂದು ಅಕ್ಕೋರ ಕಾಲು ಹಿಡಿದ ವಿದ್ಯಾರ್ಥಿ ಜಿಲ್ಲೆಯಲ್ಲೇ ನಾನೊಬ್ಬಳಿರಬೇಕು. ಅಕ್ಕೋರು ನನ್ನ ಗಲ್ಲ ಹಿಡಿದು ಮುಖ ಎತ್ತಿದರು.

"ಬರೆದರೆ ಅಪ್ಪ ಹೋಗ್ತಾರಲ್ಲ. ಅಡ್ಡಿಲ್ಲವಾ?"

"ಹೋಗ್ಲಿ" ಎಂದೆ.

ಅವರು ಆ ದಿನ ಮಳೆಯ ಬಗ್ಗೆ, ಬೋಟಿನ ಬಗ್ಗೆ, ಯಾವುದು ಯಾವುದಕ್ಕೆ ಕಾರಣ ಎಂಬುದರ ಬಗ್ಗೆ ನನಗೆ ಪಾಠ ಹೇಳಬಹುದಿತ್ತು. ಹೇಳಲಿಲ್ಲ. ನಾನಾಗಿದ್ದರೆ ಹೇಳುತ್ತಿದ್ದೆ, ಬೋರ್ಡಿನ ಮೇಲೆ ಬಾಣ ಗುರುತು ಹಾಕಿ ಹೇಳುತ್ತಿದ್ದೆ. ಅವರು ಬ್ಯಾಗಿನಿಂದ ಹೊಸ ಪೆನ್ಸಿಲು ತೆಗೆದು ಕೊಟ್ಟರು.

ಅರ್ಧವಾರ್ಷಿಕದ ಹಾಳೆ ಸಿಕ್ಕಿತು. ಹೆಸರು ಬರೆದೆ, ಅಪ್ಪನ ಹೆಸರನ್ನೂ ಸೇರಿಸಿ ಪೂರ್ತಿ ಬರೆದೆ, ಯಾರನ್ನು ಕಳಿಸಬೇಕು ಎಂಬುದರಲ್ಲಿ ಗೊಂದಲ ಆಗಬಾರದು ನೋಡಿ. ಕನ್ನಡದ ಎಲ್ಲ ಪ್ರಶ್ನೆಗೆ ಉತ್ತರಿಸಿದೆ. ಪರಿಸರದಲ್ಲಿ ಮಳೆ ಹೇಗೆ ಬರುತ್ತದೆ ಎಂಬ ಪ್ರಶ್ನೆಗೆ, ಪುಸ್ತಕದಲ್ಲಿದ್ದ ಹಾಗೆ ಆವಿ, ಮೋಡ ಎಂದೆಲ್ಲ ಬರೆದೆ. ಅದು ಸುಳ್ಳೆಂದು ಗೊತ್ತಿದ್ದರೂ, ಆ ದಿನ ಜಗಳಕ್ಕೆ ನಿಲ್ಲಲಿಲ್ಲ. ಗಣಿತ ಕೊನೆಯ ದಿನ. ಬರೆಯುತ್ತ ಬರೆಯುತ್ತ ಕೊನೆಯ ಲೆಕ್ಕಕ್ಕೆ ಬಂದೆ, ಮಾವಿನಹಣ್ಣು ಹಂಚುವ ಭಾಗಾಕಾರ. ಅದನ್ನು ಹಿಂದಿನ ಸಂಜೆಯಷ್ಟೇ ದಾರಿಯಲ್ಲಿ ಅಕ್ಕೋರಿಗೆ ಬಾಯಲ್ಲಿ ಹೇಳಿದ್ದೆ. ಪೆನ್ಸಿಲು ಹಾಳೆಗೆ ತಾಗಿಸಿ, ಮತ್ತೆ ಎತ್ತಿದೆ. ಆ ಲೆಕ್ಕ ಬಿಟ್ಟೇ ಹಾಳೆ ಕೊಟ್ಟುಬಿಟ್ಟೆ.

ರಜೆಯಲ್ಲಿ ಅಪ್ಪ ಬೇಲಿಯ ಬುಡದಲ್ಲಿ ಬಿದ್ದಿದ್ದ ಸೂಜಿಯನ್ನು ಹುಡುಕಿ ತಂದ. ದಿನಾ ಹಿತ್ತಲಲ್ಲಿ ಗಂಟು ಹಾಕಿ ಬಿಚ್ಚುತ್ತಿದ್ದ. ದಸರೆ ಮುಗಿದ ಮೂರನೇ ದಿನ ಗೂಟದ ಮೇಲಿನ ಹಳೆಯ ಅಂಗಿಯನ್ನು ಅಲ್ಲೇ ಬಿಟ್ಟು ಹೊಸದನ್ನು ತೊಟ್ಟು, ಚೀಲವನ್ನು ಎಡ ಹೆಗಲಿಗೆ ಹಾಕಿದ. ಆಯಿ ದೇವರಿಗೆ ದೀಪ ಹಚ್ಚಿದಳು. ನನ್ನನ್ನು ಎತ್ತಿಕೊಳ್ಳಲು ಹೋಗಿ, "ಭಾರ ಆಗಿಯೆ ಮಗಾ" ಎಂದು ಇಳಿಸಿದ. ಕಾಲುದಾರಿಯ ತಿರುವಿನಲ್ಲಿ ನಿಂತು ಬಲಗೈ ಎತ್ತಿ ಬೀಸಿದ. ನಾನು ಅಳಲಿಲ್ಲ. ನನ್ನದೇ ಕೆಲಸ ತಾನೇ ಅದು.

ರಜೆ ಮುಗಿದ ಮೇಲೆ ಹಾಳೆಗಳು ಬಂದವು. ಹೆಡ್ ಮಾಸ್ತರರು ನನ್ನನ್ನು ಬಾಗಿಲ ಬದಿಯಿಂದ ಎಬ್ಬಿಸಿ ಮುಂದಿನ ಸಾಲಿಗೆ ಹಾಕಿ, ಬೆತ್ತದ ಹೆದರಿಕೆಯ ಮಹಿಮೆಯ ಬಗ್ಗೆ ನಾಲ್ಕು ಮಾತಾಡಿದರು. ಊಟದ ಹೊತ್ತಿಗೆ ಅಕ್ಕೋರು ಗಣಿತದ ಹಾಳೆ ಹಿಡಿದು ನನ್ನನ್ನು ಕರೆದರು. ಕೊನೆಯ ಲೆಕ್ಕದ ಜಾಗಕ್ಕೆ ಬೆರಳಿಟ್ಟರು.

"ಇದು ನಿಂಗೆ ಬರ್ತದಲ್ಲ?"

"ಬರ್ತದೆ."

"ಮತ್ತೆ ಯಾಕೆ ಬಿಟ್ಟೆ?"

"ಪೂರಾ ಬರೆದ್ರೆ ಅಪ್ಪ ಪೂರಾ ಹೋಗ್ತ" ಎಂದೆ.

ಅಕ್ಕೋರು ಕೆಂಪು ಪೆನ್ನಿಗೆ ಮುಚ್ಚಳ ಹಾಕಿದರು. ಉಳಿದ ಲೆಕ್ಕಗಳಿಗೆಲ್ಲ ಗುರುತು ಹಾಕಿದ್ದರು, ಆ ಖಾಲಿ ಜಾಗಕ್ಕೆ ಮಾತ್ರ ಸೊನ್ನೆಯನ್ನೂ ಹಾಕಿರಲಿಲ್ಲ, ಹಾಗೇ ಬಿಟ್ಟಿದ್ದರು.

ಜೂನಿನಲ್ಲಿ ಅಜ್ಜಿ ಕೊಡೆ ಇಳಿಸಿದಳು. ಶಾಲೆ ತೆರೆಯಿತು, ಮಳೆ ಹೊಯ್ಯಿತು. ಅಪ್ಪ ಬಂದ ಮರುದಿನ ನನ್ನನ್ನು ಶಾಲೆಗೆ ಬಿಡಲು ಜೊತೆಗೆ ನಡೆದು ಬಂದ. ಅವನನ್ನು ಗೇಟಿನ ಹತ್ತಿರ ನಿಲ್ಲಿಸಿ ನಾನು ಒದ್ದೆ ಕಾಲಲ್ಲೇ ಒಳಗೆ ಓಡಿದೆ. ಅಕ್ಕೋರು ಹಾಜರಿ ಕರೆಯುತ್ತಿದ್ದರು.

"ಆರು, ಅಕ್ಕೋರೇ" ಎಂದೆ. "ಒಬ್ಬೊಬ್ಬರಿಗೆ ಆರು ಹಣ್ಣು."

ಅವರು ಯಾವ ಲೆಕ್ಕ ಎಂದು ಕೇಳಲಿಲ್ಲ. ಕಿಟಕಿಯಿಂದ ಗೇಟಿನ ಕಡೆ ನೋಡಿ, "ಸರಿ ಉಂಟು, ಕೂತ್ಕೋ" ಎಂದರು.